ಹಳೇ ಕಾರ್ಬನ್, ಕಡಲ ಗಾಳಿ

ರಸ್ತೆ ರೇಸುಗಳಲ್ಲಿ ಡಿಸ್ಕ್ ಬ್ರೇಕ್ ಬಳಸಲು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2018ರಲ್ಲಿ ಪೂರ್ತಿ ಒಪ್ಪಿಗೆ ಕೊಟ್ಟಿತು. ಸ್ವಿಟ್ಜರ್ಲೆಂಡಿನಲ್ಲಿ ಕೂತು ಮಾಡಿದ ಆ ತೀರ್ಮಾನದ ಬಿಸಿ ಕೆಲವೇ ವರ್ಷಗಳಲ್ಲಿ ಚೆನ್ನೈನ ಮೈಲಾಪೂರಿನವರೆಗೂ ತಟ್ಟಿತು. ರಿಮ್ಮನ್ನು ಅದುಮಿ ಹಿಡಿದು ನಿಲ್ಲಿಸುವ ಬ್ರೇಕಿನ ಮಾದರಿಗಳನ್ನು ದೊಡ್ಡ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. ಲಕ್ಷಗಟ್ಟಲೆ ಸುರಿದು ಕೊಂಡಿದ್ದ ಕಾರ್ಬನ್ ಸೈಕಲ್ಲು ನೋಡನೋಡುತ್ತ ‘ಹಳೇ ಮಾಡೆಲ್’ ಆಯಿತು. ಚಕ್ರ, ಗೇರು, ಹ್ಯಾಂಡಲ್ ಬಿಚ್ಚಿಕೊಂಡು ಬೇರೆ ಸೈಕಲ್ಲುಗಳಿಗೆ ಹೋದವು. ಬರೀ ಫ್ರೇಮು ಮಾತ್ರ ಬಾಲ್ಕನಿಯ ಮೊಳೆಯಲ್ಲೋ ಅಟ್ಟದ ಮೇಲೋ ಉಳಿಯಿತು.

ಇಂಥ ಫ್ರೇಮುಗಳು ಈಗ ಮೂಲ ಬೆಲೆಯ ಸಣ್ಣ ಪಾಲಿಗೆ ಕೈಗೆ ಬರುತ್ತವೆ. ಒಂದು ಕಿಲೋ ಆಸುಪಾಸಿನ ತೂಕ, ಮಾಸದ ಬಣ್ಣ, ಒಂದು ಕಾಲಕ್ಕೆ ಟಿ.ವಿ.ಯಲ್ಲಿ ಟೂರ್ ದ ಫ್ರಾನ್ಸ್ ನೋಡಿ ಬಾಯಿ ಬಿಟ್ಟಿದ್ದ ಅದೇ ಆಕಾರ. ಅಲ್ಲಿ ಇಲ್ಲಿ ಬಿಡಿಭಾಗ ಹೊಂದಿಸಿ ಮತ್ತೆ ರಸ್ತೆಗಿಳಿಸೋಣ ಅನಿಸುವುದು ಸಹಜ. ಇಳಿಸಬಹುದೇ? ಬಹಳಷ್ಟು ಸಲ ಹೌದು. ಆದರೆ ಆ ಹೌದು-ಅಲ್ಲ ತೀರ್ಮಾನವಾಗುವುದು ಕಾರ್ಬನ್ನಿನಲ್ಲಲ್ಲ. ಕಾರ್ಬನ್ನಿಗೆ ಲೋಹ ಬಂದು ಕೂಡುವ ಕೀಲುಗಳಲ್ಲಿ. ಕಪಾಲೀಶ್ವರನ ಗುಡಿಯಿಂದ ಸ್ಯಾಂಥೋಮ್ ಕಡಲತೀರಕ್ಕೆ ಎರಡು ಕಿಲೋಮೀಟರೂ ಇಲ್ಲದ ಈ ಊರಿನಲ್ಲಿ ಆ ಮಾತು ಇನ್ನಷ್ಟು ನಿಜ.

ಎಳೆ ಮತ್ತು ಅಂಟು

ಕಾರ್ಬನ್ ಫ್ರೇಮ್ ಎಂದರೆ ಎಳೆ ಮತ್ತು ಅಂಟು, ಎರಡೇ. ಒಂದು ಎಳೆಯ ದಪ್ಪ ಐದರಿಂದ ಏಳು ಮೈಕ್ರಾನ್. ಅಂಥ 3000 ಎಳೆ ಸೇರಿದ ಲಡಿಗೆ ಕಸುಬಿನವರು ‘3ಕೆ’ ಎನ್ನುತ್ತಾರೆ. ಲಡಿಗಳ ಹಾಳೆಗೆ ಎಪಾಕ್ಸಿ ಅಂಟು ಉಣಿಸಿ, ಪದರದ ಮೇಲೆ ಪದರ ಹಾಸಿ, ಅಚ್ಚಿನೊಳಗೆ ಒತ್ತಡದಲ್ಲಿ ಬೇಯಿಸಿದರೆ ಫ್ರೇಮು. ಎಳೆಯ ಬಲವೆಲ್ಲ ಅದರ ಉದ್ದಕ್ಕೆ; ಅಡ್ಡಕ್ಕೆ ಬಲವಿಲ್ಲ. ಹಾಗಾಗಿ ಯಾವ ಪದರ ಯಾವ ಕೋನದಲ್ಲಿ ಕೂರಬೇಕು ಎನ್ನುವ ಲೆಕ್ಕದಲ್ಲೇ ವಿನ್ಯಾಸಕಾರನ ಜಾಣ್ಮೆಯೆಲ್ಲ ಇದೆ. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ, ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಎಳೆ-ಅಂಟಿನ ಈ ಜೋಡಿ ಸುಮಾರು 1.6 ಗ್ರಾಂ.

ಕನ್ನಡಿಗರಿಗೆ ಈ ವಸ್ತು ಹೊಸದೇನಲ್ಲ. 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಮೊದಲ ಸಲ ಏರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು 45% ಇಂಥ ಸಂಯುಕ್ತ ವಸ್ತುವೇ. ಅದರ ರೆಕ್ಕೆಗೆ ಬೇಕಾದ ಕಾರ್ಬನ್ ತಂತ್ರವನ್ನು ರೂಪಿಸಿದ್ದು ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್. ಸೈಕಲ್ಲಿಗೆ ಕಾರ್ಬನ್ ಬಂದದ್ದು ಇನ್ನೂ ಮೊದಲು. 1986ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಟೂರ್ ದ ಫ್ರಾನ್ಸ್ ಗೆದ್ದದ್ದು ಫ್ರಾನ್ಸಿನ ಲುಕ್ ಕಂಪನಿಯ ಕೆಜಿ 86 ಎಂಬ ಕಾರ್ಬನ್ ಸೈಕಲ್ ಏರಿ. ಆ ಫ್ರೇಮಿನಲ್ಲಿ ಕೊಳವೆಗಳು ಕಾರ್ಬನ್, ಅವನ್ನು ಹಿಡಿದ ಲಗ್ಗುಗಳು ಅಲ್ಯೂಮಿನಿಯಂ, ನಡುವೆ ಅಂಟು. ಲೋಹದ ಲಗ್ಗಿನ ಆ ಕಾಲದ ಫ್ರೇಮುಗಳಲ್ಲಿ ಮುಂದೆ ಹಲವು ಬಿಟ್ಟುಕೊಂಡದ್ದು ಆ ಅಂಟಿನ ಜಾಗದಲ್ಲೇ. 1992ರಲ್ಲಿ ಟ್ರೆಕ್ ತಂದ ಫ್ರೇಮಿನಲ್ಲಿ ಲಗ್ಗುಗಳೂ ಕಾರ್ಬನ್ ಆದವು. ಆಮೇಲಾಮೇಲೆ ಮುಂಭಾಗವಿಡೀ ಒಂದೇ ಅಚ್ಚಿನಲ್ಲಿ ಬೇಯತೊಡಗಿತು. ಚೆನ್ನೈನವರೇ ಆದ ಟಿಐ ಸೈಕಲ್ಸ್ 2010ರ ದಶಕದ ಆರಂಭದಲ್ಲಿ ಮಾಂಟ್ರಾ ಹೆಸರಿನಲ್ಲಿ ಕಾರ್ಬನ್ ಫ್ರೇಮಿನ ಸೈಕಲ್ಲುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಇವತ್ತು ಇಲ್ಲಿ ಕೈಬದಲಾಗುವ ಹಳೇ ಫ್ರೇಮುಗಳು ಬಹುಪಾಲು ಆ ದಶಕದವು.

ನಾಣ್ಯದ ಸದ್ದು

ಕಾರ್ಬನ್ ಸವಾರಿಯಿಂದ ಬಳಲುವುದು ಕಡಿಮೆ. ಅಲ್ಯೂಮಿನಿಯಂ ಮೇಲೆ ಪ್ರತಿ ಕುಲುಕಾಟದ ಲೆಕ್ಕ ಸಣ್ಣಗೆ ಜಮೆಯಾಗುತ್ತ ಹೋಗುತ್ತದೆ. ಚೆನ್ನಾಗಿ ಮಾಡಿದ ಕಾರ್ಬನ್ ಅಂಥ ಲೆಕ್ಕವನ್ನು ಬಹುಕಾಲ ತಾಳುತ್ತದೆ. ಅದು ಹೆದರುವುದು ಪೆಟ್ಟಿಗೆ ಮತ್ತು ಹಿಸುಕಿಗೆ. ಸೈಕಲ್ ಬಿದ್ದಾಗ ಹ್ಯಾಂಡಲ್ ತುದಿ ತಿರುಗಿ ಮೇಲಿನ ಕೊಳವೆಗೆ ಬಡಿದರೆ, ಕಾರಿನ ಕ್ಯಾರಿಯರ್ ಕ್ಲಾಂಪು ಕೊಳವೆಯನ್ನು ಅದುಮಿದರೆ, ಒಳಗಿನ ಪದರಗಳು ಬಿಟ್ಟುಕೊಂಡರೂ ಹೊರಗಿನ ಬಣ್ಣ ನಗುತ್ತಲೇ ಇರಬಹುದು.

ಅದಕ್ಕೇ ಮೊದಲ ಕೆಲಸ ಪರೀಕ್ಷೆ. ಬಿಡಿಭಾಗಕ್ಕೆ ಒಂದು ರೂಪಾಯಿ ಖರ್ಚು ಮಾಡುವ ಮುನ್ನ ಫ್ರೇಮನ್ನು ತೊಳೆದು ಒಣಗಿಸಿ, ಹಗಲು ಬೆಳಕಿನಲ್ಲಿ ಇಂಚಿಂಚೂ ನೋಡಬೇಕು. ಪೆಡಲು ತಿರುಗುವ ಗೂಡಿನ ಅಡಿ, ಸೀಟ್ ಪೋಸ್ಟ್ ಬಿಗಿಯುವ ಕುತ್ತಿಗೆ, ಚೈನು ಬಿದ್ದು ಗೀರಿರಬಹುದಾದ ಬಲಗಡೆಯ ಚೈನ್‌ಸ್ಟೇ, ಫೋರ್ಕಿನ ತಲೆಯ ಹಿಂಭಾಗ ಇವಿಷ್ಟಕ್ಕೆ ಹೆಚ್ಚಿನ ಹೊತ್ತು ಕೊಡಬೇಕು. ಆಮೇಲೆ ನಾಣ್ಯ. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ ಕೊಳವೆಯ ಉದ್ದಕ್ಕೂ ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋದರೆ, ಗಟ್ಟಿ ಇರುವಲ್ಲಿ ಚುರುಕು ಸದ್ದು, ಪದರ ಬಿಟ್ಟಲ್ಲಿ ಮಂಕು ಸದ್ದು. ಒಂದು ಎಚ್ಚರಿಕೆ: ಗೋಡೆಯ ದಪ್ಪ ಬದಲಾದಲ್ಲೂ ಸದ್ದು ಬದಲಾಗುತ್ತದೆ. ಎಡಗಡೆಯ ಜಾಗವನ್ನು ಬಲಗಡೆಯ ಅದೇ ಜಾಗಕ್ಕೆ ಹೋಲಿಸಿದರಷ್ಟೇ ಈ ಪರೀಕ್ಷೆಗೆ ಅರ್ಥ. ಅನುಮಾನ ಉಳಿದರೆ ಅಲ್ಟ್ರಾಸೌಂಡ್ ಪರೀಕ್ಷೆಯೇ ಗತಿ.

ಕೊಳವೆಯ ನಡುವಿನ ಬಿರುಕನ್ನು ತಿಳಿದವರು ಹೊಸ ಪದರ ಹಾಸಿ ರಿಪೇರಿ ಮಾಡಬಲ್ಲರು. ಫೋರ್ಕಿನ ವಿಚಾರದಲ್ಲಿ ಮಾತ್ರ ಆ ಔದಾರ್ಯ ಬೇಡ. ಫ್ರೇಮು ಬಿರುಕು ಬಿಟ್ಟರೆ ಸಾಮಾನ್ಯವಾಗಿ ಕಿರುಗುಟ್ಟಿ, ಬಳುಕಿ ಸೂಚನೆ ಕೊಡುತ್ತದೆ; ಫೋರ್ಕು ಮುರಿದರೆ ಸವಾರನ ಮುಖವೇ ಮೊದಲು ನೆಲಕ್ಕೆ. ಅದಕ್ಕೆ ಪೆಟ್ಟು ಬಿದ್ದ ಗುಮಾನಿ ಇದ್ದರೂ ಸಾಕು, ಹೊಸದು ಹಾಕಬೇಕು.

ಫೋರ್ಕಿನ ಮೇಲ್ತುದಿಯ ಕೊಳವೆ, ಅಂದರೆ ಸ್ಟೀರರ್, ಇನ್ನೊಂದು ಕತೆ ಹೇಳುತ್ತದೆ. ಹಳೇ ಮಾಲೀಕ ತನ್ನ ಬೆನ್ನು ಬಾಗುವಷ್ಟಕ್ಕೆ ಲೆಕ್ಕ ಹಾಕಿ ಅದನ್ನು ಕತ್ತರಿಸಿರುತ್ತಾನೆ. ಕತ್ತರಿಸಿದ್ದನ್ನು ಉದ್ದ ಮಾಡುವಂತಿಲ್ಲ. ಇಪ್ಪತ್ತೈದರ ಹುರುಪಿನ ರೇಸುಗಾರನ ಫ್ರೇಮನ್ನು ಐವತ್ತರ ಸೊಂಟಕ್ಕೆ ಹೊಂದಿಸಲು ಹೊರಟವರು ಮೊದಲು ಅಳೆಯಬೇಕಾದದ್ದು ಇದನ್ನೇ.

ಉಪ್ಪು ಮಾಡುವ ಕೆಲಸ

ಈಗ ಮೈಲಾಪೂರಿನ ಗಾಳಿಗೆ ಬರೋಣ. ಕಾರ್ಬನ್ನಿಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದು ವಿದ್ಯುತ್ ಹರಿಯಬಿಡುವ ವಸ್ತು. ವಿದ್ಯುತ್-ರಾಸಾಯನಿಕ ಶ್ರೇಣಿಯಲ್ಲಿ ಅದು ಬೆಳ್ಳಿ-ಬಂಗಾರದಂಥ ಜಗ್ಗದ ವಸ್ತುಗಳ ಪಂಕ್ತಿಯಲ್ಲಿ ನಿಂತರೆ ಅಲ್ಯೂಮಿನಿಯಂ ಇನ್ನೊಂದು ತುದಿಯಲ್ಲಿದೆ. ಇವೆರಡನ್ನು ತಾಗಿಸಿ ನಡುವೆ ಉಪ್ಪುನೀರು ಬಿಟ್ಟರೆ ಅಲ್ಲೊಂದು ಪುಟ್ಟ ಬ್ಯಾಟರಿ ಸಿದ್ಧ. ಸವೆಯುವ ಸರದಿ ಅಲ್ಯೂಮಿನಿಯಂನದು. ಸವೆದದ್ದು ಬಿಳಿಪುಡಿಯಾಗಿ ಮೊದಲಿನ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಸಂದಿಯಲ್ಲಿ ಉಬ್ಬಿ ಬಿಗಿಯುತ್ತದೆ.

ಕಡಲ ಗಾಳಿಯಲ್ಲಿ ಉಪ್ಪಿದೆ. ಸವಾರನ ಬೆವರಿನಲ್ಲೂ ಉಪ್ಪಿದೆ. ಚೆನ್ನೈನ ಮೇ ತಿಂಗಳಲ್ಲಿ ಯಾವುದು ಹೆಚ್ಚು ಎಂದು ಹೇಳುವುದು ಕಷ್ಟ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಳೆಯ ನೀರೂ ಸೀಟಿನ ಸಂದಿಯಿಂದ ಒಳಗಿಳಿಯುತ್ತದೆ. ಹೀಗೆ ಕಾರ್ಬನ್ ಫ್ರೇಮಿನೊಳಗೆ ವರ್ಷಗಟ್ಟಲೆ ಅಲುಗಾಡದೆ ಕೂತ ಅಲ್ಯೂಮಿನಿಯಂ ಸೀಟ್ ಪೋಸ್ಟ್ ಒಂದು ದಿನ ಅಲ್ಲೇ ಸಮಾಧಿಯಾಗುತ್ತದೆ. ಉಕ್ಕಿನ ಸೈಕಲ್ಲಿಗೆ ಬೀದಿ ಬದಿಯ ಮೆಕ್ಯಾನಿಕ್ ಮಾಡುವ ಉಪಾಯ ಯಾವುದೂ ಇಲ್ಲಿ ನಡೆಯದು. ಬೆಂಕಿ ತೋರಿಸಿದರೆ ಎಪಾಕ್ಸಿ ಮೆತ್ತಗಾಗುತ್ತದೆ. ಸುತ್ತಿಗೆಯಿಂದ ಹೊಡೆದರೆ ಪದರ ಬಿಡುತ್ತದೆ. ಪೈಪ್ ರೆಂಚ್ ಹಾಕಿ ತಿರುಚಿದರೆ ಪೋಸ್ಟಿನ ಬದಲು ಫ್ರೇಮಿನ ಕುತ್ತಿಗೆ ತಿರುಗುತ್ತದೆ. ಬಹುತೇಕ ಉಳಿಯುವ ದಾರಿ ಒಂದೇ: ಮೇಲ್ತುದಿ ಕತ್ತರಿಸಿ, ಒಳಗಿನಿಂದ ಗರಗಸದ ಬ್ಲೇಡಿನಲ್ಲಿ ಪೋಸ್ಟಿನ ಗೋಡೆಯನ್ನು ಉದ್ದಕ್ಕೆ ಸೀಳಿ, ಅದು ಸಡಿಲವಾಗುವ ತನಕ ತಾಳ್ಮೆಯಿಂದ ಕೂರುವುದು. ಗರಗಸ ಎರಡು ಮಿಲಿಮೀಟರ್ ಹೆಚ್ಚು ಆಳಕ್ಕೆ ಹೋದರೆ ಫ್ರೇಮು ಮುಗಿಯಿತು.

ಕಣ್ಣಿಗೆ ಬೀಳದ ಇನ್ನೊಂದು ಕೀಲು ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್. ಹಲವು ಹಳೇ ಫ್ರೇಮುಗಳಲ್ಲಿ ಅಲ್ಲಿ ತಿರುಪಿನ ಮರೆ ಇರುವ ಅಲ್ಯೂಮಿನಿಯಂ ತೋಳನ್ನು, ಅಂದರೆ ಸ್ಲೀವನ್ನು, ಕಾರ್ಬನ್ನಿಗೆ ಅಂಟಿಸಿರುತ್ತಾರೆ. ಒಳ್ಳೆಯ ತಯಾರಕರು ನಡುವೆ ಗಾಜಿನ ನಾರಿನ ತೆಳು ಪದರ ಇಟ್ಟು ಲೋಹವನ್ನು ಕಾರ್ಬನ್ನಿನಿಂದ ಬೇರ್ಪಡಿಸುತ್ತಾರೆ. ಆ ರಕ್ಷಣೆ ಸೋತರೆ ತೋಳು ಅಂಟು ಬಿಟ್ಟು ಬೇರಿಂಗಿನ ಕಪ್ಪಿನ ಜೊತೆ ತಾನೂ ತಿರುಗತೊಡಗುತ್ತದೆ. 2015ರ ನೆರೆಯಲ್ಲೋ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಮಳೆಯಲ್ಲೋ ನೆಲಮಹಡಿಯಲ್ಲಿ ಮುಳುಗಿದ್ದ ಸೈಕಲ್ಲಾದರೆ ಈ ಜಾಗವನ್ನು ಬಿಚ್ಚಿ ನೋಡದೆ ಕೊಳ್ಳಲೇಬಾರದು.

ಬರ್ಮಿಂಗ್‌ಹ್ಯಾಮಿನಿಂದ ಅಂಬತ್ತೂರಿಗೆ

ಬಾಟಮ್ ಬ್ರಾಕೆಟ್ಟಿನ ಆ ಗೂಡಿನ ಅಳತೆಯೇ ಜೋಡಣೆಯ ಮೊದಲ ಗಂಟು. 68 ಮಿಲಿಮೀಟರ್ ಅಗಲ, 1.37 ಇಂಚು ವ್ಯಾಸ, ಇಂಚಿಗೆ 24 ಮರೆ ಇರುವ ಗೂಡಿಗೆ ಜಗತ್ತಿನಾದ್ಯಂತ ಸೈಕಲ್ಲಿನವರು ‘ಬಿಎಸ್‌ಎ’ ಎನ್ನುತ್ತಾರೆ. ಬಂದೂಕು ಮಾಡುತ್ತಿದ್ದ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿಯ ಹೆಸರು ಅದು. ನಮ್ಮ ಮನೆಗಳಲ್ಲಿ ಎಸ್‌ಎಲ್‌ಆರ್ ಆಗಿ, ಲೇಡಿಬರ್ಡ್ ಆಗಿ ಓಡಿದ ಬಿಎಸ್‌ಎ ಸೈಕಲ್ಲುಗಳ ಹೆಸರೂ ಅದೇ. 1949ರಲ್ಲಿ ಮುರುಗಪ್ಪ ಸಮೂಹ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಕಟ್ಟಿದ ಟಿಐ ಸೈಕಲ್ಸ್ ಕಂಪನಿ ಮದರಾಸಿನ ಅಂಬತ್ತೂರನ್ನು ಸೈಕಲ್ಲಿನ ಊರಾಗಿಸಿತು. ಹರ್ಕ್ಯುಲಿಸ್, ಫಿಲಿಪ್ಸ್, ಬಿಎಸ್‌ಎ ಎಲ್ಲ ಆ ಮನೆಯವು. ಹಾಗೆಂದು ಹಳೇ ಬಿಎಸ್‌ಎ ಸೈಕಲ್ಲಿನ ಕಪ್ಪು, ಗುಂಡು, ಅಚ್ಚು ತಂದು ಕಾರ್ಬನ್ ಫ್ರೇಮಿಗೆ ಹಾಕಲಾಗದು. ಬೇಕಾದದ್ದು ಹೊರಗೆ ಕೂರುವ ಬೇರಿಂಗಿನ, 24 ಮಿಲಿಮೀಟರ್ ಅಚ್ಚಿಗೆ ಹೊಂದುವ ಕಪ್ಪು. ಅದರ ಬಲಗಡೆಯ ಮರೆ ಉಲ್ಟಾ ಎನ್ನುವುದು ನೆನಪಿರಬೇಕು, ಇಲ್ಲವಾದರೆ ಸಡಿಲಿಸಲು ಹೋಗಿ ಇನ್ನಷ್ಟು ಬಿಗಿಯುತ್ತೀರಿ.

ಗೂಡು ಬಿಎಸ್‌ಎ ಆಗಿದ್ದರೆ ಅದೃಷ್ಟ. ಇಟಲಿಯ ಫ್ರೇಮಾದರೆ 70 ಮಿಲಿಮೀಟರ್ ಅಗಲ, ಎರಡೂ ಕಡೆ ಒಂದೇ ದಿಕ್ಕಿನ ಮರೆ. ಕ್ಯಾನನ್‌ಡೇಲ್ ಹುಟ್ಟಿಸಿದ ಬಿಬಿ30, ಟ್ರೆಕ್‌ನ ಬಿಬಿ90, ಶಿಮಾನೊದ ಬಿಬಿ86 ಇವುಗಳಲ್ಲಿ ಮರೆಯೇ ಇಲ್ಲ. ಬೇರಿಂಗನ್ನು ಒತ್ತಿ ಕೂರಿಸಬೇಕು. 2005ರ ನಂತರ ದೊಡ್ಡ ಕಂಪನಿಗಳು ತಮ್ಮತಮ್ಮದೇ ಅಳತೆ ಹೂಡಿದವು. ಹಗುರ ಮಾಡುವ ಹುರುಪಿನಲ್ಲಿ ಮುಂದೆ ಇದನ್ನು ರಿಪೇರಿ ಮಾಡುವವನ ಕೈ ಯಾರಿಗೂ ನೆನಪಾಗಲಿಲ್ಲ. ಹಾಗಾಗಿ ವರ್ನಿಯರ್ ಕ್ಯಾಲಿಪರ್ ಇಲ್ಲದೆ ಅಂಗಡಿಗೆ ಹೋಗುವುದು ವ್ಯರ್ಥ. ಗೂಡಿನ ಅಗಲ, ಸೀಟ್ ಪೋಸ್ಟಿನ ವ್ಯಾಸ (27.2 ಅಥವಾ 31.6 ಸಾಮಾನ್ಯ), ಫೋರ್ಕು ತಿರುಗುವ ತಲೆಯ ಬೇರಿಂಗಿನ ಹೊರವ್ಯಾಸ ಮತ್ತು ಕೋನ, ಹಿಂಚಕ್ರದ ಜಾಗ 130 ಮಿಲಿಮೀಟರೇ ಎಂಬುದು, ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡ ಮೇಲೆಯೇ ಕೊಳ್ಳುವ ಮಾತು.

ಹಲ್ಲಿನ ಲೆಕ್ಕ

ಎಗ್ಮೋರಿನ ಪಕ್ಕದ ಪುದುಪೇಟೆಯಲ್ಲಿ ಯಾವ ಕಾಲದ ಮೋಟಾರು ಗಾಡಿಗಾದರೂ ಬಿಡಿಭಾಗ ಸಿಕ್ಕೀತು ಎನ್ನುವುದು ಮದರಾಸಿನವರ ನಂಬಿಕೆ. ರೇಸು ಸೈಕಲ್ಲಿಗೆ ಅಂಥ ಪೇಟೆ ಇಲ್ಲ. ಇಲ್ಲಿ ಬಿಡಿಭಾಗ ಸಿಗುವುದು ಪರಿಚಯದ ಮೇಲೆ: ಯಾರೋ ಗೇರು ಬದಲಿಸಿದಾಗ ಉಳಿದ ಶಿಫ್ಟರ್, ಯಾರೋ ಬಿದ್ದು ಫ್ರೇಮು ಮುರಿದುಕೊಂಡಾಗ ಉಳಿದ ಕ್ರ್ಯಾಂಕು. ಹೀಗೆ ನಾಲ್ಕು ಮನೆಯಿಂದ ಬಂದವನ್ನು ಒಟ್ಟಿಗೆ ಕೆಲಸ ಮಾಡಿಸಲು ಲೆಕ್ಕ ಬೇಕು.

ಶಿಮಾನೊ ಗೇರುಗಳನ್ನೇ ತೆಗೆದುಕೊಳ್ಳಿ. ಲಿವರ್ ಒಂದು ಕ್ಲಿಕ್ಕಿಗೆ ಎಷ್ಟು ಕೇಬಲ್ ಎಳೆಯುತ್ತದೆ, ಚೈನನ್ನು ಸರಿಸುವ ಡಿರೈಲರ್ ಅದಕ್ಕೆ ಎಷ್ಟು ಸರಿಯುತ್ತದೆ ಎನ್ನುವ ಅನುಪಾತದಲ್ಲಿ ಹೊಂದಾಣಿಕೆಯ ಗುಟ್ಟಿದೆ. ಅವರ ರಸ್ತೆ ಸೈಕಲ್ಲಿನ 8, 9 ಮತ್ತು ಹಳೇ 10 ಗೇರಿನ ಹಿಂಬದಿ ಡಿರೈಲರ್‌ಗಳಲ್ಲಿ ಈ ಅನುಪಾತ ಒಂದೇ. ಹೀಗಾಗಿ ಹಳೇ 10 ಗೇರಿನ ಲಿವರಿಗೆ 9 ಗೇರಿನ ಗುಡ್ಡಗಾಡು ಸೈಕಲ್ಲಿನ ಡಿರೈಲರ್ ಕೂಡ ಹೊಂದುತ್ತದೆ, ದೊಡ್ಡ ಹಲ್ಲುಚಕ್ರ ಹಾಕಲು ಅನುಕೂಲ. 11 ಗೇರು ಬಂದಾಗ ಅನುಪಾತ ಬದಲಾಯಿತು. ಟಿಯಾಗ್ರಾ 4700 ಮಾತ್ರ ಹೆಸರಿಗೆ 10 ಗೇರು, ಎಳೆತದಲ್ಲಿ 11ರ ಗುಂಪು. ಗೊತ್ತಿಲ್ಲದೆ ಹಳೇ ಡಿರೈಲರ್ ಜೊತೆ ಕೂಡಿಸಿದರೆ ಎಷ್ಟು ತಿರುವಿದರೂ ಗೇರು ಕೂರದು. ಚಕ್ರದ್ದೂ ಇದೇ ಕತೆ. ರಸ್ತೆಯ 11 ಗೇರಿನ ಕ್ಯಾಸೆಟ್, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು, ಹಳೇ ಹಬ್ಬಿಗೆ 1.85 ಮಿಲಿಮೀಟರ್ ಅಗಲವಾಗಿ ಆಚೆ ಉಳಿಯುತ್ತದೆ. ಆದರೆ ಎಚ್‌ಜಿ800 ಎಂಬ 11-34 ಹಲ್ಲಿನ ಕ್ಯಾಸೆಟ್ಟಿನ ದೊಡ್ಡ ಹಲ್ಲು ಒಳಕ್ಕೆ ಬಾಗಿರುವುದರಿಂದ ಅದು ಹಳೇ ಹಬ್ಬಿಗೂ ಕೂರುತ್ತದೆ.

ಚೆನ್ನೈ ಸಪಾಟು ಊರು, 34 ಹಲ್ಲು ಯಾಕೆ ಎಂದು ಕೇಳಬಹುದು. 14 ಹೇರ್‌ಪಿನ್ ತಿರುವಿನ ಏಲಗಿರಿ ಒಂದು ರಾತ್ರಿಯ ರೈಲಿನಷ್ಟೂ ದೂರವಿಲ್ಲ, ಅದಕ್ಕೆ. ಅಲ್ಲಿಂದ ಇಳಿಯುವಾಗಲೂ ಒಂದು ಮಾತು: ರಿಮ್ ಬ್ರೇಕಿಗೆ ಕಾರ್ಬನ್ ರಿಮ್ಮಿಗಿಂತ ಅಲ್ಯೂಮಿನಿಯಂ ರಿಮ್ಮೇ ಮೇಲು. ಉದ್ದದ ಇಳಿಜಾರಿನ ಬಿಸಿಯನ್ನು ಲೋಹ ಸುಲಭವಾಗಿ ಬಿಟ್ಟುಕೊಡುತ್ತದೆ, ಅಂಟು ಬಿಟ್ಟುಕೊಡುವುದಿಲ್ಲ. ಚಕ್ರದ ಬೆಂಡ್ ತೆಗೆಯುವುದಕ್ಕೆ ದುಬಾರಿ ಅಂಗಡಿಯೇ ಬೇಕೆಂದಿಲ್ಲ. ಕಡ್ಡಿಯನ್ನು ಬೆರಳಿನಲ್ಲಿ ಮೀಟಿ ಬಿಗಿ ಅಳೆಯುವ ಹಳೇ ಕೈಗಳು ಈಗಲೂ ಬೀದಿಯಲ್ಲಿವೆ. ಟಯರ್ ಮಾತ್ರ 25 ಮಿಲಿಮೀಟರಿಗಿಂತ ದಪ್ಪದ್ದು ಆ ಕಾಲದ ಬಹಳಷ್ಟು ಫ್ರೇಮುಗಳಲ್ಲಿ ಹಿಡಿಸದು.

ಎಲ್ಲಕ್ಕಿಂತ ಸತಾಯಿಸುವುದು ಹಿಂಬದಿ ಡಿರೈಲರ್ ತೂಗುಬಿಡುವ ಹ್ಯಾಂಗರ್ ಎಂಬ ಬೆರಳುದ್ದದ ಅಲ್ಯೂಮಿನಿಯಂ ತುಂಡು. ಸೈಕಲ್ ಬಿದ್ದಾಗ ತಾನು ಬಾಗಿ ಫ್ರೇಮನ್ನು ಉಳಿಸಲೆಂದೇ ಅದು ಇರುವುದು. ಪ್ರತಿ ಫ್ರೇಮಿಗೂ ಅದರ ಆಕಾರ ಬೇರೆ, ಕಂಪನಿ ಮಾದರಿಯನ್ನು ಕೈಬಿಟ್ಟ ಮೇಲೆ ಸಿಗುವುದೂ ಕಷ್ಟ. ಗಿಂಡಿ, ಅಂಬತ್ತೂರಿನ ಮಿಲ್ಲಿಂಗ್ ಶಾಪುಗಳಲ್ಲಿ ಹಳೇ ತುಂಡನ್ನು ಮಾದರಿಗೆ ಕೊಟ್ಟು ಮಾಡಿಸಿಕೊಳ್ಳಬಹುದು. ಗಟ್ಟಿ ಇರಲಿ ಎಂದು ಉಕ್ಕಿನಲ್ಲಿ ಮಾಡಿಸುವುದು ಮಾತ್ರ ಬೇಡ. ಅದು ಬಾಗದಿದ್ದರೆ ಮುರಿಯುವುದು ಕಾರ್ಬನ್.

ಕೈಯ ಅಂದಾಜಿಗೆ ಎಲ್ಲೆ

ನಮ್ಮ ಮೆಕ್ಯಾನಿಕ್‌ಗಳ ದೊಡ್ಡ ವಿದ್ಯೆ ಕೈಯ ಅಂದಾಜು. ಉಕ್ಕಿನ ಸೈಕಲ್ಲಿನಲ್ಲಿ ‘ಇನ್ನೊಂದು ಸುತ್ತು’ ಬಿಗಿದರೆ ನಷ್ಟವಿಲ್ಲ. ಕಾರ್ಬನ್ನಿನಲ್ಲಿ ಆ ಒಂದು ಸುತ್ತಿಗೆ ಸೀಟಿನ ಕುತ್ತಿಗೆ ಒಡೆಯುತ್ತದೆ. ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿಗೂ ಸೀಟ್ ಪೋಸ್ಟಿಗೂ ಸಾಮಾನ್ಯ ಮಿತಿ 5 ನ್ಯೂಟನ್ ಮೀಟರ್ ಆಸುಪಾಸು. ಶಿಮಾನೊದ ಎಡ ಕ್ರ್ಯಾಂಕಿನ ಬೋಲ್ಟಿಗೆ 12ರಿಂದ 14. ಕ್ಯಾಸೆಟ್ಟಿನ ಬೀಗದ ಬಳೆಗೆ 40. ಟಾರ್ಕ್ ರೆಂಚ್ ಇಲ್ಲಿ ಶೋಕಿಯ ವಸ್ತುವಲ್ಲ. ಸೀಟ್ ಪೋಸ್ಟಿಗೆ ಸಣ್ಣ ಹರಳಿರುವ ಕಾರ್ಬನ್ ಪೇಸ್ಟ್ ಸವರಿದರೆ ಕಡಿಮೆ ಬಿಗಿಯಲ್ಲೇ ಜಾರದೆ ನಿಲ್ಲುತ್ತದೆ, ಲೋಹಕ್ಕೂ ಕಾರ್ಬನ್ನಿಗೂ ನಡುವೆ ಉಪ್ಪುನೀರು ಇಳಿಯುವುದೂ ತಗ್ಗುತ್ತದೆ. ಕೇಬಲ್ ಸ್ಟೇನ್‌ಲೆಸ್ ಇರಬೇಕು. ಗೂಡಿನಡಿಯ ನೀರು ಬಸಿಯುವ ತೂತು ಮುಚ್ಚಿರಬಾರದು. ಮಳೆಗಾಲ ಮುಗಿದೊಡನೆ ಪೋಸ್ಟನ್ನು ಹೊರಗೆಳೆದು ಒರೆಸಿ ಮತ್ತೆ ಕೂರಿಸಬೇಕು.

ಇಷ್ಟೆಲ್ಲ ಪಾಡು ಯಾಕೆ? ಕರ್ನಾಟಕದ ಸೈಕ್ಲಿಂಗಿನ ತವರು ವಿಜಯಪುರ-ಬಾಗಲಕೋಟೆಯ ಕಡೆ ನೋಡಿದರೆ ಉತ್ತರ ಸಿಗುತ್ತದೆ. ಒಕ್ಕಲು ಮನೆಗಳಿಂದ ಬಂದು ರೇಸಿಗಿಳಿಯುವ ಹುಡುಗ ಹುಡುಗಿಯರಿಗೆ ಹೊಸ ಕಾರ್ಬನ್ ಸೈಕಲ್ಲಿನ ಬೆಲೆ ಕೈಗೆಟುಕುವಂಥದ್ದಲ್ಲ. ಮಹಾನಗರದ ಬಾಲ್ಕನಿಯಲ್ಲಿ ದೂಳು ತಿನ್ನುವ ಫ್ರೇಮು ಅಂಥವರ ಕೈಯಲ್ಲಿ ಇನ್ನೂ ಓಡಬಲ್ಲದು. ಮಹಾಬಲಿಪುರದತ್ತ ಭಾನುವಾರ ಬೆಳಗಿನ ಸವಾರಿಗೆ ಹೋಗಿ, ಬರುವಾಗ ಕೆ. ಕೃಷ್ಣರಾಯರು ಕಟ್ಟಿದ ಹೋಟೆಲು ನ್ಯೂ ವುಡ್‌ಲ್ಯಾಂಡ್ಸ್‌ನಲ್ಲಿ ತಿಂಡಿ ತಿನ್ನುವ ನಮ್ಮಂಥವರಿಗೂ ಡಿಸ್ಕ್ ಬ್ರೇಕು, 12 ಗೇರು ಇಲ್ಲದಿದ್ದರೆ ನಷ್ಟವಾಗುವುದು ಏನೂ ಇಲ್ಲ. ಇದರ ಜೊತೆಗೆ ಇನ್ನೊಂದು ಮಾತು. ಉಕ್ಕು, ಅಲ್ಯೂಮಿನಿಯಂ ಗುಜರಿಗೆ ಹೋದರೆ ಕರಗಿ ಇನ್ನೊಂದಾಗುತ್ತವೆ. ಎಪಾಕ್ಸಿಯಲ್ಲಿ ಬೆಂದ ಕಾರ್ಬನ್ ಕರಗುವುದಿಲ್ಲ. ಗುಜರಿಯವನೂ ಅದನ್ನು ಮುಟ್ಟುವುದಿಲ್ಲ. ಓಡಿಸುವುದೊಂದೇ ಅದಕ್ಕೆ ನಾವು ಕೊಡಬಹುದಾದ ಸದ್ಗತಿ.

ಆದರೆ ಎಲ್ಲ ಫ್ರೇಮಿಗೂ ಅಲ್ಲ. ಫೋರ್ಕಿನ ಚರಿತ್ರೆ ಗೊತ್ತಿಲ್ಲದಿದ್ದರೆ, ಗೂಡಿನ ತೋಳು ತಿರುಗುತ್ತಿದ್ದರೆ, ಹ್ಯಾಂಗರ್ ಕಳೆದುಹೋಗಿ ಮಾದರಿಯೂ ಇಲ್ಲದಿದ್ದರೆ, ಅಗ್ಗಕ್ಕೆ ಬಂತೆಂದು ಮನೆಗೆ ತರಬೇಡಿ. ಮಾರುವವನು ಬಣ್ಣ, ಬ್ರಾಂಡು, ತೂಕದ ಬಗ್ಗೆ ಹೇಳುತ್ತಿರಲಿ. ನೀವು 4 ಮಿಲಿಮೀಟರಿನ ಅಲೆನ್ ಕೀ, ಬೇಕಾದರೆ 5ರದ್ದು ತೆಗೆದು ಸೀಟಿನ ಬೋಲ್ಟು ಸಡಿಲಿಸಿ, ಪೋಸ್ಟು ಕೈಯಲ್ಲಿ ಮೇಲೆ ಕೆಳಗೆ ಸರಿಯುತ್ತದೆಯೇ ನೋಡಿ. ಸರಿದರೆ ಬೆಲೆಯ ಮಾತು ಆಡಿ. ಸರಿಯದಿದ್ದರೆ ನಮಸ್ಕಾರ ಹೇಳಿ ಬನ್ನಿ.